ಗುಡ್ಡದ ಮೇಲಿನ ಕಲ್ಲು ಅಲ್ಲೇ ಇರಲಿ

ಮಾನ್ಯ ಸಂಪಾದಕರಿಗೆ,

ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಐರ್ಲೆಂಡಿಗೆ ಹೋಗಿದ್ದಾಗ, ಒಂದು ಭಾನುವಾರ ಅಳಿಯ ನನ್ನನ್ನು ಆ ದೇಶದ ವಾಯವ್ಯ ಕರಾವಳಿಯ ಸ್ಲೈಗೊ ಊರಿನ ಹತ್ತಿರವಿರುವ ನಾಕ್‌ನರೇ ಗುಡ್ಡಕ್ಕೆ ಕರೆದೊಯ್ದರು. 327 ಮೀಟರ್ ಎತ್ತರದ ಆ ಗುಡ್ಡದ ನೆತ್ತಿಯಲ್ಲಿ, ಸುಮಾರು 5,000 ವರ್ಷಗಳ ಹಿಂದೆ, ಲೋಹದ ಬಳಕೆಯೇ ಅರಿಯದ ನವಶಿಲಾಯುಗದ ಜನ ಸುಣ್ಣಕಲ್ಲುಗಳನ್ನು ಒಟ್ಟಿ ಕಟ್ಟಿದ ಕಲ್ಲುಗುಪ್ಪೆ ಸಮಾಧಿಯೊಂದಿದೆ. ಅದರ ಅಡ್ಡಳತೆ ಸುಮಾರು 55 ಮೀಟರ್, ಎತ್ತರ 10 ಮೀಟರ್. ಶತ್ರುಗಳಿದ್ದ ದಿಕ್ಕಿಗೆ ಮುಖಮಾಡಿ, ನಿಂತ ಭಂಗಿಯಲ್ಲೇ ಐರ್ಲೆಂಡಿನ ಪುರಾಣಕಥೆಗಳಲ್ಲಿ ಬರುವ ಮೇವ್ ರಾಣಿಯನ್ನು ಅಲ್ಲಿ ಹೂಳಿದ್ದಾರೆಂಬುದು ಜನರ ನಂಬಿಕೆ. ಗುಪ್ಪೆ ಮಾತ್ರ ಆ ಕಥೆಗಿಂತ ಬಹಳ ಹಳೆಯದು. ಒಳಗೆ ಕಲ್ಲಿನ ಓಣಿ, ಕೋಣೆಗಳಿರಬಹುದೆಂದು ವಿದ್ವಾಂಸರು ಎಣಿಸಿದ್ದರೂ ಇಂದಿನವರೆಗೆ ಅದನ್ನು ಉತ್ಖನನ ಮಾಡಿಲ್ಲ.

ಗುಪ್ಪೆಯನ್ನು ಹತ್ತಬೇಡಿ ಎಂಬ ವಿನಂತಿಯ ಫಲಕವನ್ನು ಓದಿಕೊಂಡೇ ನಾವು ಮೇಲೆ ಹೋಗಿದ್ದೆವು. ಆದರೂ ಹುಡುಗನೊಬ್ಬ ನಾಲ್ಕು ಹೆಜ್ಜೆ ಏರಿದ. ಅವನ ಕಾಲಡಿಯಿಂದ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಜಾರಿ, ಇನ್ನೆರಡನ್ನು ಎಳೆದುಕೊಂಡು, ಗಡಗಡ ಸದ್ದು ಮಾಡುತ್ತ ಬುಡಕ್ಕೆ ಬಂದು ನಿಂತಿತು. ನಾಯಿಯೊಡನೆ ಅಡ್ಡಾಡಲು ಬಂದಿದ್ದ ಸ್ಥಳೀಯ ವೃದ್ಧೆಯೊಬ್ಬರು ಅವನನ್ನು ಗದರದೆ ಕೆಳಕ್ಕೆ ಕರೆದರು. ಗುಡ್ಡ ಹತ್ತುವವರು ಕೆಳಗಿನಿಂದ ಒಂದು ಕಲ್ಲು ತಂದು ಗುಪ್ಪೆಗೆ ಸೇರಿಸುವ ವಾಡಿಕೆ ಹಿಂದೆ ಇತ್ತೆಂದೂ, ಅಲ್ಲಿಂದ ಒಂದು ಹರಳನ್ನೂ ಒಯ್ಯಬಾರದೆಂದೂ ಅವನಿಗೆ ಹೇಳಿದರು.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟ. ಅಲ್ಲಿನ ಕಲ್ಲಿನ ಸಮಾಧಿಗಳು ಅಷ್ಟು ಪ್ರಾಚೀನವಲ್ಲ. ಕಬ್ಬಿಣ ಬಳಸಲು ಕಲಿತಿದ್ದ, ಭಾರಿ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಯ ಜನ ಕಟ್ಟಿದವು. ಆದರೆ ಸತ್ತವರಿಗಾಗಿ ಗುಡ್ಡದ ನೆತ್ತಿಯನ್ನೇ ಆರಿಸಿಕೊಂಡ ಮನಸ್ಸು ಎರಡೂ ಕಡೆ ಒಂದೇ ಎಂದು ನನಗನ್ನಿಸುತ್ತದೆ. ಬಂಡೆಯಿಂದ ಎಬ್ಬಿಸಿದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಮುಚ್ಚುಗಲ್ಲು ಹೊದಿಸಿ, ಕೆಲವುಗಳಲ್ಲಿ ದುಂಡನೆಯ ಕಿಂಡಿ ಕೊರೆದು ಮಾಡಿದ ಸುಮಾರು 400 ರಚನೆಗಳು ಅಲ್ಲಿವೆ. ಮೋರೇರು ಎಂಬ ಕುಳ್ಳರು ವಾಸವಿದ್ದ ಮನೆಗಳೆಂದು ಹಿರಿಯರು ನಮಗೆ ಹೇಳುತ್ತಿದ್ದರು. 19ನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇವುಗಳನ್ನು ಕಂಡು ಬರೆದಿದ್ದರು. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು.

ಊರಿಗೆ ಮರಳಿದ ಮೇಲೆ ಬೆಟ್ಟ ಹತ್ತಿ ನೋಡಿದೆ. ಒಂದು ಕಲ್ಮನೆಯ ಬುಡದಲ್ಲಿ ಮೊಣಕಾಲುದ್ದ ಗುಂಡಿ ತೋಡಿದ್ದರು. ಪಕ್ಕದ ಚಪ್ಪಡಿ ಅದರೊಳಕ್ಕೆ ವಾಲಿ, ಮುಚ್ಚುಗಲ್ಲು ಒಂದು ಮೂಲೆಯ ಮೇಲೆ ಮಾತ್ರ ನಿಂತಿತ್ತು. ನಿಧಿಯಾಸೆಗೆ ಹೀಗೆ ಅಗೆಯುವವರು ತಿಳಿಯಬೇಕು: ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣ. ಅವು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇದ್ದವು ಎಂಬುದರಿಂದಲೇ ಆ ಜನರ ಬದುಕು ತಿಳಿಯಬೇಕಾಗಿದ್ದು, ಒಮ್ಮೆ ಮಣ್ಣು ಕಲಕಿದರೆ ಆ ದಾರಿ ಮುಚ್ಚಿಹೋಗುತ್ತದೆ. ಎತ್ತರದ ಬಂಡೆಯ ಮೇಲಿರುವ ನಗಾರಿ ಕಲ್ಲಿನ ನಾದ ಕೇಳಲೆಂದು ಕೈಗೆ ಸಿಕ್ಕ ಕಲ್ಲಿನಿಂದ ಬಡಿಯುತ್ತಿದ್ದವರನ್ನೂ ಕಂಡೆ.

ಕಾಲುದಾರಿ ಆರಂಭವಾಗುವಲ್ಲಿಯೇ, ಏನು ಮಾಡಬಾರದು ಎಂಬುದರ ಜೊತೆಗೆ ಏಕೆ ಮಾಡಬಾರದು ಎಂಬುದನ್ನೂ ಸರಳ ಕನ್ನಡದಲ್ಲಿ ತಿಳಿಸುವ ಫಲಕ ಬೇಕು. ಬೆಟ್ಟದ ಸಂದುಗೊಂದು ಬಲ್ಲವರು ಅಲ್ಲಿನ ಕುರಿಗಾಹಿಗಳು ಮತ್ತು ಊರಿನ ಯುವಕರೇ ಆದ್ದರಿಂದ, ಅವರಿಗೆ ತರಬೇತಿ ಹಾಗೂ ಸಂಬಳ ಕೊಟ್ಟು ಕಾವಲುಗಾರರಾಗಿ, ಮಾರ್ಗದರ್ಶಿಗಳಾಗಿ ನೇಮಿಸಬೇಕು. ವಾಲಿದ ಕಲ್ಮನೆಗಳಿಗೆ ತಜ್ಞರ ಸಲಹೆಯಂತೆ ಆಸರೆ ಕೊಡುವುದು ಎಲ್ಲಕ್ಕಿಂತ ತುರ್ತಿನ ಕೆಲಸ. ಚಳಿಗಾಲದ ರಜೆಯಲ್ಲಿ ಹಂಪಿಗೆ ಬರುವ ಜನ ಇತ್ತ ತಿರುಗುವ ಮೊದಲೇ ಸಂಬಂಧಪಟ್ಟವರು ಇಷ್ಟನ್ನಾದರೂ ಮಾಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕ, ಗಂಗಾವತಿ