ಕುಂಬಳಕಾಯಿ ಏಲ್‌ಗೆ ಮಲೆನಾಡಿನ ಮಸಾಲೆ

ಸೆಪ್ಟೆಂಬರ್ ಹತ್ತಿರವಾದಂತೆ ಅಮೆರಿಕದ ಅಂಗಡಿಗಳಲ್ಲಿ ಕುಂಬಳಕಾಯಿ ಏಲ್ ಎಂಬ ಬಿಯರ್‌ನ ಬಾಟಲಿಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಬಹಳಷ್ಟನ್ನು ಬಾಯಿಗಿಟ್ಟರೆ ಮೊದಲು ಎದುರಾಗುವುದು ಲವಂಗ, ಕೊನೆಯವರೆಗೂ ನಾಲಗೆಯ ಮೇಲೆ ಉಳಿಯುವುದೂ ಲವಂಗವೇ. ಅಮೆರಿಕದ ನಮ್ಮ ಕನ್ನಡ ಕೂಟದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸವುಳ್ಳವರು ಸಾಕಷ್ಟು ಮಂದಿಯಿದ್ದಾರೆ. ಅವರಲ್ಲಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತೋಟದ ಮನೆಗಳಿಂದ ಬಂದವರೂ ಇದ್ದಾರೆ. ಏಲಕ್ಕಿ, ಕಾಳುಮೆಣಸು, ಶುಂಠಿಗಳ ನಡುವೆ ಬೆಳೆದ ನಾವು, ಎಂದೋ ಪುಡಿಮಾಡಿ ಡಬ್ಬಿಗೆ ತುಂಬಿದ ಮಸಾಲೆಯನ್ನು ಚಮಚಗಟ್ಟಲೆ ಸುರಿದು ಈ ಪಾನೀಯವನ್ನು ಕೆಡಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಏಲ್‌ನಲ್ಲಿ ರುಚಿಯನ್ನು ನಿರ್ಧರಿಸುವುದು ಕುಂಬಳಕಾಯಿಯಲ್ಲ, ಮಸಾಲೆ. ಮಸಾಲೆಯ ಹದವನ್ನು ಬಲ್ಲವರು ನಾವು.

ಆರಂಭದಲ್ಲಿ ಹೀಗಿರಲಿಲ್ಲ. ವಸಾಹತು ಕಾಲದ ಅಮೆರಿಕದಲ್ಲಿ ಬಿಯರ್‌ಗೆ ಬೇಕಾದ ಬಾರ್ಲಿಯ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಸುಲಭವಾಗಿ ಸಿಗದಿದ್ದಾಗ, ಹೊಲದಲ್ಲಿ ಯಥೇಚ್ಛವಾಗಿ ಬೆಳೆಯುತ್ತಿದ್ದ ಕುಂಬಳಕಾಯಿಯನ್ನೇ ಜನ ಹುಳಿಸಿ ಕುಡಿಯುತ್ತಿದ್ದರು. 1771ರ ಒಂದು ಪ್ರಸಿದ್ಧ ವಿಧಾನದಲ್ಲಿ ಕಾಯಿಯನ್ನು ತೊಟ್ಟಿಯಲ್ಲಿ ಜಜ್ಜಿ, ಸೇಬಿನಂತೆ ಹಿಂಡಿ, ರಸವನ್ನು ಬಹಳ ಹೊತ್ತು ಕುದಿಸಿ, ನೊರೆ ತೆಗೆದು, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂಗಳನ್ನು ಹಾಕಬೇಕೆಂದು ಹೇಳಿದೆ; ಚಕ್ಕೆ, ಜಾಯಿಕಾಯಿಗಳ ಸುದ್ದಿಯೇ ಅಲ್ಲಿಲ್ಲ. ಮಾಲ್ಟ್ ಅಗ್ಗವಾದ ಮೇಲೆ ಈ ಪಾನೀಯ ಮರೆಯಾಯಿತು. ಅದು ಮರಳಿ ಬಂದದ್ದು 1980ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಹೇವರ್ಡ್ ಪಟ್ಟಣದ ಬಫಲೋ ಬಿಲ್ಸ್ ಬ್ರೂವರಿಯ ಮೂಲಕ. ಹುಳಿ ಬಂದ ಮೇಲೆ ಕುಂಬಳಕಾಯಿಯ ರುಚಿ ಹೆಚ್ಚೇನೂ ಉಳಿಯುವುದಿಲ್ಲವಾದ್ದರಿಂದ, ಅಲ್ಲಿಂದೀಚೆಗೆ ಪೈ ತಿನಿಸಿಗೆ ಬಳಸುವ ಮಸಾಲೆಯೇ ಈ ಏಲ್‌ನ ಗುರುತಾಗಿ ನಿಂತಿತು.

ಹಾಗೆಂದು ಕಾಯಿಯ ಆಯ್ಕೆಯಲ್ಲಿ ಉದಾಸೀನ ಸಲ್ಲದು. ಹ್ಯಾಲೋವೀನ್‌ಗೆಂದು ಕೆತ್ತುವ ದೊಡ್ಡ ಕಾಯಿಗಳಲ್ಲಿ ನೀರು ಮತ್ತು ನಾರೇ ಹೆಚ್ಚು. ಅಡುಗೆಗೆ ಮಾರುವ ಚಿಕ್ಕ ಸಿಹಿ ಕಾಯಿಯನ್ನಾಗಲಿ, ಬಟರ್‌ನಟ್ ಕಾಯಿಯನ್ನಾಗಲಿ ಕೊಳ್ಳುವುದು ಮೇಲು. ಬಟರ್‌ನಟ್ ನಮ್ಮ ಊರಿನ ಸಂತೆಗಳಲ್ಲಿ ಸಿಗುವ ಸಿಹಿಗುಂಬಳದ ಹತ್ತಿರದ ನೆಂಟ. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಬೇರೆಯೇ ಜಾತಿ, ಅದು ಇಲ್ಲಿ ಉಪಯೋಗಕ್ಕೆ ಬಾರದು. 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಏಲ್‌ಗೆ 2 ಕಿಲೋ ತಿರುಳು ಸಾಕು. ಅದನ್ನು ಹೋಳು ಮಾಡಿ, 180 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಅಂಚುಗಳು ಕಂದು ಬಣ್ಣಕ್ಕೆ ತಿರುಗುವವರೆಗೆ ಸುಟ್ಟು, ಚೆನ್ನಾಗಿ ಹಿಸುಕಿಕೊಳ್ಳಬೇಕು.

ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡುವುದನ್ನು ಮನೆಯಲ್ಲಿ ಕಂಡವರಿಗೆ ಬಾರ್ಲಿ ಮಾಲ್ಟ್‌ನ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ: ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ಕುಂಬಳಕಾಯಿಯ ಪಿಷ್ಟಕ್ಕೂ ಅದೇ ಕಿಣ್ವಗಳು ಬೇಕಾದ್ದರಿಂದ ತಿರುಳನ್ನು ಮಾಲ್ಟ್‌ನ ಜೊತೆಯಲ್ಲೇ ನೆನೆಸಬೇಕು. 4 ಕಿಲೋ ಪೇಲ್ ಮಾಲ್ಟ್, ಅರ್ಧ ಕಿಲೋ ಮ್ಯೂನಿಕ್ ಮಾಲ್ಟ್, 400 ಗ್ರಾಂ ಕ್ರಿಸ್ಟಲ್ ಮಾಲ್ಟ್ ತರಿ ಮಾಡಿಕೊಂಡು, ತಿರುಳು ಸೇರಿಸಿ, 67 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಇಡಬೇಕು. ತಿರುಳು ಬೆರೆತ ಗಂಜಿ ಸೋಸುವಾಗ ಅಂಟಿಕೊಂಡು ನಿಂತುಬಿಡುವುದುಂಟು. ತೊಳೆದ ಭತ್ತದ ಹೊಟ್ಟನ್ನು ಕಾಲು ಕಿಲೋದಷ್ಟು ಮೊದಲೇ ಬೆರೆಸಿದರೆ ದ್ರವ ಸರಾಗವಾಗಿ ಇಳಿಯುತ್ತದೆ. ಸೋಸಿದ್ದನ್ನು ಒಂದು ಗಂಟೆ ಕುದಿಸಬೇಕು, ಕುದಿ ಹತ್ತಿದಾಗ 30 ಗ್ರಾಂ ಫಗಲ್ ಹಾಪ್ಸ್ ಹಾಕಬೇಕು. ಹಾಪ್ಸ್ ಇದಕ್ಕಿಂತ ಹೆಚ್ಚಾದರೆ ಅದರ ಕಹಿ ಮಸಾಲೆಯೊಡನೆ ಜಗಳವಾಡುತ್ತದೆ.

ಇನ್ನು ಮಸಾಲೆಯ ವಿಷಯ. ಕೂಟದ ಪತ್ರಿಕೆಯ ಈ ಸಂಚಿಕೆಯ ಕೆಲಸವನ್ನು ನಾನು ರಜೆಗೆ ಬಂದು ಮೂಡಿಗೆರೆ ಸಮೀಪದ ನಮ್ಮ ಮನೆಯಲ್ಲಿ ಮಾಡುತ್ತಿದ್ದೇನೆ. ಮಳೆ ಬಿಡುವು ಕೊಟ್ಟಾಗಲೆಲ್ಲ ಏಲಕ್ಕಿಯ ಮೊದಲ ಕೊಯ್ಲು ನಡೆಯುತ್ತಿದೆ. ಒಣಗಿಸುವಾಗ ಶಾಖ 50 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಹಬ್ಬಿದರೆ ಮಾತ್ರ ಕಾಯಿಯ ಹಸಿರು ಉಳಿಯುತ್ತದೆ, ಅವಸರಪಟ್ಟರೆ ಹಳದಿಗೆ ತಿರುಗಿ ಸಿಪ್ಪೆ ಬಿರಿಯುತ್ತದೆ. ಏಲಕ್ಕಿಯನ್ನು ಆರಿಸುವ ಬಗೆಯನ್ನು ಕೇಳಿದಾಗ ಚಿಕ್ಕಮ್ಮ ಒಂದು ಕಾಯನ್ನು ಉಗುರಿನಿಂದ ಸೀಳಿ ನನ್ನ ಅಂಗೈಗೆ ಹಾಕಿ, "ಹಸಿರು ನೋಡಿ ಮರುಳಾಗ್ಬೇಡ ಕಣಪ್ಪ, ಕಾಳು ನೋಡು. ಕಪ್ಪಗೆ ಅಂಟಂಟಾಗಿದ್ರೆ ಅದು ಬಲಿತಿದ್ದು, ಬೆಳ್ಳಗೆ ಉದುರುದುರಾಗಿದ್ರೆ ಎಳಸು" ಎಂದರು. ಬೆರಳುಗಳ ನಡುವೆ ಉಜ್ಜಿದ ಆ ಕಾಳಿನ ವಾಸನೆ ಕೈತೊಳೆದ ಮೇಲೂ ಹೋಗಿರಲಿಲ್ಲ. ವಿದೇಶದ ಅಂಗಡಿಯಲ್ಲಿ ಏಲಕ್ಕಿ ಕೊಳ್ಳುವವರು ಇದೇ ಪರೀಕ್ಷೆಯನ್ನು ಮಾಡಬಹುದು.

ಮಸಾಲೆಯ ಪರಿಮಳವೆಲ್ಲ ಬೇಗ ಹಾರಿಹೋಗುವ ಎಣ್ಣೆಯಲ್ಲಿರುತ್ತದೆ. ಗಂಟೆಗಟ್ಟಲೆ ಕುದಿಸಿದರೆ ಅದು ಅಡುಗೆಮನೆಯನ್ನು ತುಂಬುತ್ತದೆಯೇ ಹೊರತು ಏಲ್‌ನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಒಂದು ತುಂಡು ಚಕ್ಕೆ, 20 ಗ್ರಾಂ ಜಜ್ಜಿದ ಹಸಿಶುಂಠಿ, ತುರಿದ ಜಾಯಿಕಾಯಿ ಅರ್ಧ ಚಮಚ, ಇವಿಷ್ಟನ್ನು ಕುದಿಯ ಕೊನೆಯ ಐದು ನಿಮಿಷದಲ್ಲಿ ಹಾಕಬೇಕು. ಲವಂಗ ಮೂರಕ್ಕಿಂತ ಹೆಚ್ಚು ಬೇಡ. ಅದರಲ್ಲಿರುವ ಯೂಜೆನಾಲ್ ನಾಲಗೆಯನ್ನೇ ಜೋಮು ಹಿಡಿಸುವಂಥದ್ದು. ಏಲಕ್ಕಿ ಮತ್ತು ಕಾಳುಮೆಣಸನ್ನು ಮಾತ್ರ ಕುದಿಗೆ ಹಾಕದೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಮೆಣಸಿನ ಖಾರವಾದ ಪೈಪರೀನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಹತ್ತು ಏಲಕ್ಕಿಯ ಕಾಳು, ಹದಿನೈದು ಮೆಣಸು, ಎರಡನ್ನೂ ತರಿಯಾಗಿ ಕುಟ್ಟಿ, 60 ಮಿಲಿಲೀಟರ್ ವೋಡ್ಕಾದಲ್ಲಿ ಒಂದು ವಾರ ನೆನೆಸಿ ಸೋಸಿದರೆ ದಟ್ಟವಾದ ಅರ್ಕ ಸಿದ್ಧವಾಗುತ್ತದೆ. ಹುಳಿ ಬಂದು ನಿಂತ ಏಲ್‌ನಿಂದ 100 ಮಿಲಿಲೀಟರ್ ಲೋಟಕ್ಕೆ ತೆಗೆದು, ಅರ್ಕವನ್ನು ಹನಿಹನಿಯಾಗಿ ಬೆರೆಸಿ ರುಚಿ ನೋಡಬೇಕು. ಲೋಟಕ್ಕೆ 0.2 ಮಿಲಿಲೀಟರ್ ಹಿತವೆನಿಸಿದರೆ ಇಡೀ 19 ಲೀಟರಿಗೆ 38 ಮಿಲಿಲೀಟರ್ ಬೇಕಾಗುತ್ತದೆ. ಹದವನ್ನು ಊಹೆಗೆ ಬಿಡದೆ ನಾಲಗೆಗೆ ಒಪ್ಪಿಸುವ ಈ ಕ್ರಮಕ್ಕಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ. ಏಲಕ್ಕಿ ಇಲ್ಲಿ ಮೂಗಿಗೆ ಮೊದಲು ತಾಗಬೇಕು, ಮೆಣಸಿನ ಬಿಸಿ ಗುಟುಕು ಇಳಿದ ಮೇಲೆ ಗಂಟಲಿನಲ್ಲಿ ತಿಳಿಯಬೇಕು.

ಉಳಿದದ್ದು ಎಲ್ಲ ಏಲ್‌ಗಳಿಗೂ ಸಮಾನ. ಕುದಿಸಿದ ದ್ರವವನ್ನು ಬೇಗ ತಣಿಸಿ, ಯೀಸ್ಟ್ ಹಾಕಿ, 18ರಿಂದ 20 ಡಿಗ್ರಿಯಲ್ಲಿ ಎರಡು ವಾರ ಬಿಡಬೇಕು. ನೀರಿಗೆ ಹೋಲಿಸಿದ ಸಾಂದ್ರತೆ 1.055ರಲ್ಲಿ ತೊಡಗಿ 1.014ಕ್ಕೆ ಇಳಿದರೆ ಮದ್ಯಸಾರ ಸುಮಾರು ಶೇಕಡಾ 5.4 ಇರುತ್ತದೆ. ಅಳತೆ ಎರಡು ಮೂರು ದಿನ ಒಂದೇ ಕಡೆ ನಿಂತದ್ದು ಖಚಿತವಾಗುವವರೆಗೆ ಬಾಟಲಿಗೆ ತುಂಬಲೇಬಾರದು. ಒಳಗೆ ಹುಳಿ ಮುಂದುವರಿದರೆ ಗಾಜಿನ ಬಾಟಲಿ ಸಿಡಿಯುತ್ತದೆ. ಬಾಟಲಿಗೆ ತುಂಬುವಾಗ ನೊರೆಗಾಗಿ ಒಟ್ಟು 110 ಗ್ರಾಂ ಸಕ್ಕರೆ ಸಾಕು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಶಾಸನದಂತೆ ವಯಸ್ಕರೊಬ್ಬರು ಸ್ವಂತ ಬಳಕೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯವರು 200 ಗ್ಯಾಲನ್ ಬಿಯರ್ ತಯಾರಿಸಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಈ ಅಂಕಣವನ್ನು ಊರಿನ ನೆಂಟರಿಗೆ ಕಳಿಸುವವರು ಇದನ್ನೂ ಸೇರಿಸಿ ಕಳಿಸಬೇಕು.

ಗಣೇಶನ ಹಬ್ಬದ ವೇಳೆಗೆ ಕುದಿಸಿದರೆ, ಬಾಟಲಿಯಲ್ಲಿ ಮೂರು ವಾರ ಕಳೆದು, ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಏಲ್ ಸಿದ್ಧವಾಗಿರುತ್ತದೆ. ತಿಂಗಳುಗಳು ಕಳೆದಂತೆ ಏಲಕ್ಕಿಯ ಪರಿಮಳ ಮಂಕಾಗುವುದರಿಂದ ಸಂಕ್ರಾಂತಿಯೊಳಗೆ ಮುಗಿಸುವುದು ಒಳ್ಳೆಯದು. ತಯಾರಿಸಿದವರು ತಮ್ಮ ಅರ್ಕದ ಅಳತೆಯನ್ನು ನಮಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.