ಮೆಮೊರಿ ದರ ಮತ್ತು ಕೊಟೇಶನ್ ಅವಧಿಯ ಬದಲಾವಣೆ: ವರ್ಕ್‌ಸ್ಟೇಷನ್ ಗ್ರಾಹಕರಿಗೆ ಪತ್ರ

ಹುಬ್ಬಳ್ಳಿ
ದಿನಾಂಕ: 12 ಜನವರಿ 2026

ವಿಷಯ: ಡೆಸ್ಕ್‌ಟಾಪ್ ವರ್ಕ್‌ಸ್ಟೇಷನ್‌ಗಳಿಗೆ ಮೆಮೊರಿ ಹೆಚ್ಚಿಸುವ ಕೆಲಸದ ದರ, ಕೊಟೇಶನ್ ಅವಧಿ ಮತ್ತು ಮುಂಗಡದ ನಿಯಮಗಳಲ್ಲಿ ಬದಲಾವಣೆ.

ಮಾನ್ಯ ಗ್ರಾಹಕರೇ, ನಮಸ್ಕಾರಗಳು.

ಬರುವ ಫೆಬ್ರವರಿ 1ರಿಂದ ಮೆಮೊರಿಗೆ (ರ‍್ಯಾಮ್‌ಗೆ) ಸಂಬಂಧಿಸಿದಂತೆ ನಾವು ಕೊಡುವ ಕೊಟೇಶನ್‌ನ ರೀತಿ ಬದಲಾಗಲಿದೆ. ಇಲ್ಲಿಯವರೆಗೆ ಇಡೀ ಯಂತ್ರಕ್ಕೆ ಒಂದೇ ಮೊತ್ತ ಬರೆದು, ಅದನ್ನು 30 ದಿನಗಳವರೆಗೆ ಬದಲಿಸದೆ ಉಳಿಸಿಕೊಳ್ಳುತ್ತಿದ್ದೆವು. ಇನ್ನು ಮುಂದೆ ಮೆಮೊರಿಯ ದರವನ್ನು ಬೇರೆ ಸಾಲಿನಲ್ಲಿ ತೋರಿಸುತ್ತೇವೆ. ಆ ದರ ಎರಡು ಕೆಲಸದ ದಿನಗಳ ಮಟ್ಟಿಗೆ ಮಾತ್ರ ಊರ್ಜಿತವಾಗಿರುತ್ತದೆ. ಮೆಮೊರಿಯ ಪೂರ್ತಿ ಹಣ ಮುಂಗಡವಾಗಿ ಬಂದ ಮೇಲೆಯೇ ಬೆಂಗಳೂರಿನಿಂದ ಮಾಲು ತರಿಸುತ್ತೇವೆ. ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸಿಡುವ ಡ್ರೈವ್) ಚಿಪ್‌ಗಳನ್ನು ಮಾಡುವವರೂ ಬಹುಮಟ್ಟಿಗೆ ಮೆಮೊರಿ ತಯಾರಿಸುವ ಕಂಪನಿಗಳೇ ಆದ್ದರಿಂದ ಮತ್ತು ಅವುಗಳ ದರವೂ ಏರುತ್ತಿರುವುದರಿಂದ, ಎಸ್‌ಎಸ್‌ಡಿ ದರದ ಅವಧಿಯನ್ನು 7 ದಿನಗಳಿಗೆ ಇಳಿಸಿದ್ದೇವೆ. ಉಳಿದ ಭಾಗಗಳಿಗೆ ಹಿಂದಿನಂತೆ 30 ದಿನಗಳ ಅವಧಿಯೇ ಇರುತ್ತದೆ. ಜೋಡಿಸುವ ಮತ್ತು ಪರೀಕ್ಷಿಸುವ ಕೂಲಿಯಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಜನವರಿ 31ರೊಳಗೆ ಮುಂಗಡ ಕೊಟ್ಟವರಿಗೆ, ಅವರ ಕೊಟೇಶನ್‌ನಲ್ಲಿ ಬರೆದಿದ್ದ ದರದಲ್ಲೇ ಮಾಲು ತಲುಪಿಸುತ್ತೇವೆ.

ಗದಗಿನ ಮುದ್ರಣಾಲಯಗಳಿಂದ ಹಿಡಿದು ಧಾರವಾಡದ ಸ್ಟ್ರಕ್ಚರಲ್ ಎಂಜಿನಿಯರುಗಳ ಕಚೇರಿಗಳವರೆಗೆ ನಮ್ಮ ಗ್ರಾಹಕರಲ್ಲಿ ಅನೇಕರು ಈಗಾಗಲೇ ದರ ಕೇಳಿ ಬೆಚ್ಚಿದ್ದಾರೆ, ಕೆಲವರು ನಮ್ಮ ಮೇಲೆ ಸಂಶಯವನ್ನೂ ಪಟ್ಟಿದ್ದಾರೆ. ಸಂಶಯ ಸಹಜವೇ. ಕಳೆದ ಆಗಸ್ಟ್‌ನಲ್ಲಿ ಒಂದು ಡಿಡಿಆರ್5 ಮಾಡ್ಯೂಲ್‌ಗೆ (ಈಗಿನ ಪೀಳಿಗೆಯ ಮೆಮೊರಿ ಪಟ್ಟಿಗೆ) ಇದ್ದ ಬೆಲೆ ಈಗ ಮೂರು ಪಟ್ಟಿನ ಆಸುಪಾಸಿಗೆ ಬಂದಿದೆ, ಕೆಲವು ಬಗೆಗಳಲ್ಲಿ ಅದನ್ನೂ ಮೀರಿದೆ. ಹಳೆಯ ಡಿಡಿಆರ್4 ಅಗ್ಗವಾಗಿ ಉಳಿದೀತು ಎಂಬ ನಿರೀಕ್ಷೆಯೂ ಹುಸಿಯಾಯಿತು, ಏಕೆಂದರೆ ತಯಾರಕರು ಅದರ ಉತ್ಪಾದನೆಯನ್ನೇ ಕಡಿಮೆ ಮಾಡುತ್ತ ಬಂದಿದ್ದಾರೆ. ಬೆಳಿಗ್ಗೆ ವಿತರಕರು ಹೇಳಿದ ದರ ಸಂಜೆಗೆ ಉಳಿಯದ ಸಂದರ್ಭದಲ್ಲಿ 30 ದಿನಗಳ ಮಾತು ಕೊಟ್ಟರೆ, ಒಂದೋ ಆ ನಷ್ಟ ನಮ್ಮದಾಗಬೇಕು, ಇಲ್ಲವೇ ಮುಂದಿನ ಏರಿಕೆಯನ್ನು ಊಹಿಸಿ ಮೊದಲೇ ತಮ್ಮ ಬಿಲ್ಲಿಗೆ ಸೇರಿಸಬೇಕು. ಎರಡನೆಯದು ನಮಗೆ ಒಪ್ಪಿಗೆಯಿಲ್ಲ, ಮೊದಲನೆಯದನ್ನು ತಡೆದುಕೊಳ್ಳುವ ಬಂಡವಾಳ ನಮ್ಮಂಥ ಸಣ್ಣ ಅಂಗಡಿಗಿಲ್ಲ.

ಈ ಏರಿಕೆಗೆ ಕಾರಣ ನಮ್ಮ ಊರಿನಲ್ಲಾಗಲಿ ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಾಗಲಿ ಇಲ್ಲ. ಜಗತ್ತಿನಲ್ಲಿ ತಯಾರಾಗುವ ಡಿರ‍್ಯಾಮ್ ಎಂಬ ಮೆಮೊರಿ ಚಿಪ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್ ಎಂಬ ಮೂರೇ ಕಂಪನಿಗಳದ್ದು. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾಗುವ ಎಚ್‌ಬಿಎಂ ಎಂಬ ಬಗೆಯ ಮೆಮೊರಿಯಲ್ಲಿ ಈ ಮೂರಕ್ಕೂ ಹೆಚ್ಚಿನ ಲಾಭವಿದೆ. ಆದರೆ ಅಷ್ಟೇ ಸಾಮರ್ಥ್ಯದ ಡಿಡಿಆರ್5ಗೆ ತಗಲುವ ಸಿಲಿಕಾನ್ ವೇಫರ್‌ನ (ಚಿಪ್‌ಗಳನ್ನು ರೂಪಿಸುವ ತಟ್ಟೆಯ) ಸುಮಾರು ಮೂರು ಪಟ್ಟು ಎಚ್‌ಬಿಎಂಗೆ ಬೇಕೆಂದು ಮೈಕ್ರಾನ್ ತಾನೇ ತನ್ನ ಹೂಡಿಕೆದಾರರಿಗೆ ತಿಳಿಸಿದೆ. ನೀರಾವರಿ ಹೊಲಗಳೆಲ್ಲ ಕಬ್ಬಿಗೆ ಹೋದ ವರ್ಷ ಸಂತೆಯಲ್ಲಿ ಜೋಳದ ದರ ಏನಾಗುತ್ತದೆಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಇದರ ಮೇಲೆ 2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ತನ್ನ ಸ್ಟಾರ್‌ಗೇಟ್ ಡೇಟಾ ಸೆಂಟರ್ ಯೋಜನೆಗಾಗಿ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜೊತೆ ಪ್ರಾಥಮಿಕ ಒಪ್ಪಂದ ಮಾಡಿಕೊಂಡು, ಬೇಡಿಕೆ ತಿಂಗಳಿಗೆ 9 ಲಕ್ಷ ವೇಫರ್‌ಗಳವರೆಗೆ ಹೋಗಬಹುದೆಂದು ಪ್ರಕಟಿಸಿತು. ಅದೇ ತಿಂಗಳ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡದ್ದರಿಂದ ಕಚೇರಿಗಳು ಹೊಸ ಯಂತ್ರಗಳನ್ನು ಕೊಳ್ಳಲು ಮುಂದಾದ ಕಾಲವೂ ಇದೇ ಆಯಿತು. ಡಿಸೆಂಬರ್ 3ರಂದು ಮೈಕ್ರಾನ್, ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯವಹಾರವನ್ನೇ ನಿಲ್ಲಿಸುವುದಾಗಿಯೂ ಫೆಬ್ರವರಿ ಅಂತ್ಯದವರೆಗೆ ಮಾತ್ರ ಮಾಲು ಕಳುಹಿಸುವುದಾಗಿಯೂ ಹೇಳಿತು. ನಾವು ಹೆಚ್ಚು ಮಾರುತ್ತಿದ್ದ ಬ್ರ್ಯಾಂಡ್‌ಗಳಲ್ಲಿ ಅದೂ ಒಂದು.

ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಘಟಕ ಬಂದಿದೆಯಲ್ಲ, ಇನ್ನು ಮೆಮೊರಿ ಇಲ್ಲೇ ಅಗ್ಗವಾಗಿ ಸಿಗಬೇಕಲ್ಲವೇ ಎಂದು ಕೆಲವರು ಕೇಳಿದ್ದಾರೆ. 2023ರ ಜೂನ್‌ನಲ್ಲಿ ಘೋಷಣೆಯಾದ ಆ ಘಟಕ ಜೋಡಣೆ, ಪರೀಕ್ಷೆ ಮತ್ತು ಪ್ಯಾಕೇಜಿಂಗ್‌ಗಾಗಿ ಇರುವಂಥದ್ದು. ವೇಫರ್ ಮೇಲೆ ಚಿಪ್ ರೂಪಿಸುವ ಕೆಲಸ ಅಲ್ಲಿ ನಡೆಯುವುದಿಲ್ಲ. ಈಗಿನ ಕೊರತೆ ಇರುವುದು ವೇಫರ್‌ನ ಹಂತದಲ್ಲಿ. ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿಯನ್ನು ದಾಟಿದ್ದೂ ಆಮದಿನ ಬೆಲೆಯನ್ನು ಇನ್ನಷ್ಟು ಭಾರಮಾಡಿತು. ಜಿಎಸ್‌ಟಿ ಮಾತ್ರ ಶೇ. 18ರಲ್ಲೇ ಇದೆ.

ದರ ಯಾವಾಗ ಇಳಿಯುತ್ತದೆ ಎಂಬ ಪ್ರಶ್ನೆಗೆ ನಾವು ದಿನಾಂಕ ಕೊಡುವ ಧೈರ್ಯ ಮಾಡುವುದಿಲ್ಲ. ಮೆಮೊರಿಯ ವ್ಯಾಪಾರ ಹಿಂದಿನಿಂದಲೂ ಏರಿಳಿತದ್ದೇ. 2013ರ ಸೆಪ್ಟೆಂಬರ್‌ನಲ್ಲಿ ಚೀನಾದ ವೂಶಿಯಲ್ಲಿರುವ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ದರ ಜಿಗಿದಿತ್ತು. 2016ರಿಂದ 2018ರವರೆಗೆ ಮೊಬೈಲ್ ಮತ್ತು ಸರ್ವರ್‌ಗಳ ಬೇಡಿಕೆಯಿಂದ ಏರಿತ್ತು. 2023ರಲ್ಲಿ ಪಾತಾಳ ಕಂಡು, ತಯಾರಕರು ನಷ್ಟ ತಾಳಲಾರದೆ ಉತ್ಪಾದನೆ ಕಡಿತಗೊಳಿಸಿದ್ದರು. ಆದರೆ ಈ ಬಾರಿಯ ಕೊರತೆ ಒಂದು ಅವಘಡದಿಂದ ಹುಟ್ಟಿದ್ದಲ್ಲ, ಕಾರ್ಖಾನೆಗಳೇ ಬೇರೆ ಸರಕಿನ ಕಡೆಗೆ ತಿರುಗಿದ್ದರಿಂದ ಹುಟ್ಟಿದ್ದು, ಮತ್ತು ಹೊಸ ಫ್ಯಾಬ್ (ಚಿಪ್ ಕಾರ್ಖಾನೆ) ಕಟ್ಟಿ ಮಾಲು ಹೊರಬರಲು ವರ್ಷಗಳೇ ಹಿಡಿಯುತ್ತವೆ. ಒಂದೆರಡು ತಿಂಗಳು ಕಾದರೆ ಹಳೆಯ ದರ ಮರಳೀತು ಎಂದು ನಂಬಿ ತುರ್ತು ಕೆಲಸವನ್ನು ಮುಂದೂಡಬೇಡಿ ಎಂಬುದು ನಮ್ಮ ಅಭಿಪ್ರಾಯ. ತುರ್ತಿಲ್ಲದವರು ಧಾರಾಳವಾಗಿ ಮುಂದೂಡಬಹುದು.

ನಿಜವಾಗಿ ತುರ್ತಿದೆಯೇ ಇಲ್ಲವೇ ಎಂಬುದನ್ನು ಅಳೆಯದೆ ಇನ್ನು ಮುಂದೆ ನಾವು ಮೆಮೊರಿ ಮಾರುವುದಿಲ್ಲ. ಇದು ಎರಡನೆಯ ಬದಲಾವಣೆ, ನಮ್ಮ ಮಟ್ಟಿಗೆ ಇದೇ ಮುಖ್ಯವಾದದ್ದು. ಮೆಮೊರಿ ಅಗ್ಗವಿದ್ದಾಗ "32 ಇದೆ, 64 ಮಾಡಿಬಿಡಿ" ಎಂದರೆ ಮರುಮಾತಿಲ್ಲದೆ ಹಾಕಿ ಕೊಡುತ್ತಿದ್ದೆವು, ಅದರಿಂದ ಯಾರಿಗೂ ದೊಡ್ಡ ಪೆಟ್ಟಾಗುತ್ತಿರಲಿಲ್ಲ. ಈಗ ಹಾಗಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ (ಯಂತ್ರದ ಬಳಕೆ ತೋರಿಸುವ ಕಿಟಕಿಯಲ್ಲಿ) ಮೆಮೊರಿ ಶೇ. 80ರಷ್ಟು ಬಳಕೆಯಲ್ಲಿದೆ ಎಂದು ಕಂಡ ಮಾತ್ರಕ್ಕೆ ಕೊರತೆಯಿದೆ ಎಂದರ್ಥವಲ್ಲ. ಫೋಟೋಶಾಪ್ ತನಗೆ ಸಿಗುವ ಮೆಮೊರಿಯಲ್ಲಿ ಶೇ. 70ರಷ್ಟನ್ನು ಬಳಸಿಕೊಳ್ಳುವಂತೆಯೇ ಮೊದಲಿಂದ ಹೊಂದಿಸಿರುತ್ತಾರೆ; 32 ಜಿಬಿ ಕೊಟ್ಟರೂ 64 ಕೊಟ್ಟರೂ ಅದು ತನ್ನ ಪಾಲು ಕೇಳುತ್ತದೆ. ಮದುವೆ ಆಲ್ಬಂ ಮಾಡುವವರು ಅದರ ಬದಲು ಫೋಟೋಶಾಪ್ ಕಿಟಕಿಯ ಕೆಳಪಟ್ಟಿಯಲ್ಲಿ 'ಎಫಿಶಿಯೆನ್ಸಿ' ಎಂಬುದನ್ನು ತೋರಿಸುವಂತೆ ಹೊಂದಿಸಿಕೊಂಡು, ಭಾರವಾದ ಪುಟದ ಕೆಲಸ ನಡೆಯುವಾಗ ಅದು 100ರಿಂದ ಕೆಳಗಿಳಿಯುತ್ತದೆಯೇ ಎಂದು ಗಮನಿಸಬೇಕು. ಇಳಿಯದಿದ್ದರೆ ಹೊಸ ಮೆಮೊರಿಯಿಂದ ಕೆಲಸದ ವೇಗ ಹೆಚ್ಚುವುದಿಲ್ಲ. ಉಳಿದವರು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿಯನ್ನು ಆರಿಸಿ 'ಕಮಿಟೆಡ್' (ಪ್ರೋಗ್ರಾಂಗಳು ಕೇಳಿರುವ ಒಟ್ಟು ಮೆಮೊರಿ) ಎಂಬಲ್ಲಿರುವ ಮೊದಲ ಸಂಖ್ಯೆಯನ್ನು, ದಿನದ ಅತಿ ಭಾರದ ಹೊತ್ತಿನಲ್ಲಿ ನೋಡಬೇಕು. ಅದು ಯಂತ್ರದಲ್ಲಿರುವ ಮೆಮೊರಿಯನ್ನು ಬಹಳ ಮೀರಿದ್ದು, ರಿಸೋರ್ಸ್ ಮಾನಿಟರ್‌ನಲ್ಲಿ 'ಹಾರ್ಡ್ ಫಾಲ್ಟ್ಸ್' (ಬೇಕಾದ ಮಾಹಿತಿ ಮೆಮೊರಿಯಲ್ಲಿ ಸಿಗದೆ ಡಿಸ್ಕ್‌ನಿಂದ ತರಬೇಕಾದ ಸಂದರ್ಭಗಳು) ಎಡೆಬಿಡದೆ ಬರುತ್ತಿದ್ದರೆ, ಯಂತ್ರ ತನ್ನ ಹೊರೆಯನ್ನು ಎಸ್‌ಎಸ್‌ಡಿಗೆ ಹೊರಿಸುತ್ತಿದೆ ಎಂದರ್ಥ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ಅದರಿಂದ ಒಂದು ತುಣುಕು ಮಾಹಿತಿ ಬರಲು ಮೆಮೊರಿಗಿಂತ ನೂರಾರು ಪಟ್ಟು ಹೆಚ್ಚು ಸಮಯ ಹಿಡಿಯುತ್ತದೆ. ಅಂಥವರಿಗೆ ಈ ದರದಲ್ಲೂ ಮೆಮೊರಿ ಕೊಳ್ಳುವುದು ಲಾಭವೇ. ಡ್ರೋನ್ ಚಿತ್ರಗಳನ್ನು ಜೋಡಿಸಿ ಜಮೀನಿನ ನಕ್ಷೆ ಮಾಡುವವರು ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತಾರೆ. ಆಟೋಕ್ಯಾಡ್‌ನಲ್ಲಿ ಕೇವಲ ಎರಡು ಆಯಾಮದ ನಕ್ಷೆ ಬರೆಯುವವರು ಸಾಮಾನ್ಯವಾಗಿ ಸೇರುವುದಿಲ್ಲ. ಈ ಅಳತೆಯನ್ನು ನಮ್ಮ ಸಿಬ್ಬಂದಿ ತಮ್ಮ ಕಚೇರಿಗೆ ಬಂದು, ಅಥವಾ ದೂರದಿಂದಲೇ ಯಂತ್ರಕ್ಕೆ ಸಂಪರ್ಕ ಪಡೆದು, ಶುಲ್ಕವಿಲ್ಲದೆ ಮಾಡಿಕೊಡುತ್ತಾರೆ.

ಕೊಳ್ಳಲೇಬೇಕಾದಾಗ ಯಾವುದನ್ನು ಕೊಳ್ಳಬೇಕೆಂಬುದೂ ಈಗ ಹೆಚ್ಚಿನ ಎಚ್ಚರಿಕೆ ಬೇಡುತ್ತದೆ. ನಮ್ಮ ಗ್ರಾಹಕರಲ್ಲಿ ಹಲವರು ಬಳಸಿದ ಡೆಲ್ ಪ್ರಿಸಿಷನ್ 5820 ಯಂತ್ರಗಳನ್ನು ಇಟ್ಟುಕೊಂಡಿದ್ದಾರೆ. ಅದೇ ಕ್ಯಾಬಿನೆಟ್‌ನಲ್ಲಿ ಕ್ಸಿಯಾನ್ ಪ್ರೊಸೆಸರ್ ಇದ್ದರೆ ರಿಜಿಸ್ಟರ್ಡ್ ಇಸಿಸಿ (ತಪ್ಪನ್ನು ತಾನೇ ತಿದ್ದುವ, ಸರ್ವರ್ ಬಗೆಯ) ಮೆಮೊರಿ ಬೇಕು, ಕೋರ್ ಎಕ್ಸ್ ಪ್ರೊಸೆಸರ್ ಇದ್ದರೆ ಸಾಮಾನ್ಯ ಮೆಮೊರಿ ಬೇಕು. ಡಿಡಿಆರ್4ನಲ್ಲಿ ಇವೆರಡರ ಅಂಚಿನಲ್ಲಿರುವ ಕಚ್ಚು ಒಂದೇ ಕಡೆ ಇರುವುದರಿಂದ ತಪ್ಪು ಬಗೆಯದ್ದೂ ಸ್ಲಾಟಿನಲ್ಲಿ ಸಲೀಸಾಗಿ ಕುಳಿತುಬಿಡುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಡಿಡಿಆರ್5ನಲ್ಲಿ ಕಚ್ಚಿನ ಜಾಗವೇ ಬೇರೆಯಾದ್ದರಿಂದ ಈ ತೊಂದರೆ ತಪ್ಪಿದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಂಡ ಸರ್ವರ್ ಮೆಮೊರಿಯನ್ನು ತರಿಸುವ ಮೊದಲು ಈಗ ಹಾಕಿರುವ ಮಾಡ್ಯೂಲಿನ ಚೀಟಿಯ ಚಿತ್ರವನ್ನು ನಮಗೆ ಕಳುಹಿಸಿದರೆ ಸಾಕು. ಇಸಿಸಿ ಬಗೆಯಲ್ಲಿ ತಪ್ಪು ತಿದ್ದುವುದಕ್ಕೆಂದೇ ಹೆಚ್ಚಿನ ಚಿಪ್‌ಗಳಿರುವುದರಿಂದ ಅದರ ಬೆಲೆ ಯಾವಾಗಲೂ ಒಂದು ಕೈ ಮೇಲೆಯೇ. ರಾತ್ರಿಯಿಡೀ ಕಟ್ಟಡದ ವಿಶ್ಲೇಷಣೆ ಓಡಿಸುವವರು ಅದನ್ನು ಬಿಡಬಾರದು. ಬೋರ್ಡು ಮತ್ತು ಪ್ರೊಸೆಸರ್ ಆಯ್ಕೆಗೆ ಅವಕಾಶ ಕೊಡುವ ಕಡೆ, ಆಲ್ಬಂ ಮತ್ತು ಡಿಟಿಪಿ ಕೆಲಸದವರು ಬಿಟ್ಟರೆ ನಷ್ಟವಿಲ್ಲ.

ಇನ್ನೊಂದು ವಿಷಯ. ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ ಪ್ರೊಸೆಸರ್ ಇರುವ ಯಂತ್ರಗಳಲ್ಲಿ ಎರಡು ಮಾಡ್ಯೂಲ್‌ಗಳಿದ್ದಾಗ ಆ ಕಂಪನಿ ಅಧಿಕೃತವಾಗಿ ಹೇಳುವ ಮೆಮೊರಿ ವೇಗ 5200 ಎಂಟಿ/ಸೆ (ಸೆಕೆಂಡಿಗೆ ಇಷ್ಟು ದಶಲಕ್ಷ ವರ್ಗಾವಣೆ). ನಾಲ್ಕೂ ಸ್ಲಾಟು ತುಂಬಿದಾಗ ಅದು 3600ಕ್ಕೆ ಇಳಿಯುತ್ತದೆ. ಹಾಗಾಗಿ ಹಳೆಯ ಜೋಡಿಯನ್ನು ತೆಗೆದು ದೊಡ್ಡ ಜೋಡಿಯನ್ನೇ ಹಾಕಿಸಿಕೊಳ್ಳಿ ಎಂದು ಹಿಂದೆ ನಾವೇ ಸಲಹೆ ಕೊಡುತ್ತಿದ್ದೆವು. ಈಗಿನ ದರದಲ್ಲಿ ಆ ಸಲಹೆ ದುಬಾರಿಯಾಗುತ್ತದೆ. ಮೆಮೊರಿಯ ಕೊರತೆಯೇ ಮುಖ್ಯವಾಗಿರುವ ಕೆಲಸದಲ್ಲಿ, ಇರುವ ಜೋಡಿಯನ್ನು ಉಳಿಸಿಕೊಂಡು ಅದೇ ಬಗೆಯ ಇನ್ನೊಂದು ಜೋಡಿ ಸೇರಿಸುವುದು, ವೇಗ ಇಳಿದರೂ, ಹಣಕ್ಕೆ ತಕ್ಕ ದಾರಿ. ನಾಲ್ಕೂ ಮಾಡ್ಯೂಲ್‌ಗಳನ್ನು ಒಂದು ರಾತ್ರಿ ಪೂರ್ತಿ ಪರೀಕ್ಷೆಗೆ ಹಚ್ಚಿ, ತಪ್ಪು ಬರದಿದ್ದರೆ ಮಾತ್ರ ಯಂತ್ರವನ್ನು ಹಿಂದಿರುಗಿಸುತ್ತೇವೆ.

ಬಳಸದೆ ಡ್ರಾಯರಿನಲ್ಲಿಟ್ಟ ಹಳೆಯ ಮೆಮೊರಿ ಇದ್ದರೆ ದಯವಿಟ್ಟು ತನ್ನಿ. ಡಿಡಿಆರ್4 ಮತ್ತು ಡಿಡಿಆರ್5 ಮಾಡ್ಯೂಲ್‌ಗಳನ್ನು ಪರೀಕ್ಷಿಸಿ, ಆ ದಿನದ ದರಕ್ಕೆ ಅನುಗುಣವಾಗಿ ಬೆಲೆ ಕಟ್ಟಿ, ಹೊಸ ಬಿಲ್ಲಿನಲ್ಲಿ ಕಳೆಯುತ್ತೇವೆ. ಹೀಗೆ ಬಂದ ಮಾಲನ್ನು ಬೇರೆಯವರಿಗೆ ಮಾರುವಾಗ 'ಬಳಸಿದ್ದು' ಎಂದು ಬಿಲ್ಲಿನಲ್ಲೇ ಬರೆದು, ನಮ್ಮದೇ 6 ತಿಂಗಳ ವಾರಂಟಿ ಕೊಡುತ್ತೇವೆ. ಚೀಟಿ ಕಿತ್ತಿರುವ, ಅಥವಾ ಚೀಟಿಯಲ್ಲಿ ಬರೆದದ್ದಕ್ಕೂ ಚಿಪ್ ಹೇಳುವ ವಿವರಕ್ಕೂ ತಾಳೆಯಾಗದ ಮಾಡ್ಯೂಲ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ದರ ಏರಿದಾಗ ಇಂಥ ಮಾಲು ಪೇಟೆಯಲ್ಲಿ ಹೆಚ್ಚುತ್ತದೆ.

ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡಿರುವವರಿಗೆ ಒಪ್ಪಂದ ಮುಗಿಯುವವರೆಗೆ ಯಾವ ಬದಲಾವಣೆಯೂ ಇಲ್ಲ: ಕೆಟ್ಟ ಮೆಮೊರಿಯನ್ನು ಒಪ್ಪಂದದಲ್ಲಿ ಹೇಳಿರುವಂತೆಯೇ ಬದಲಿಸಿಕೊಡುತ್ತೇವೆ. ನವೀಕರಣದ ಸಮಯದಲ್ಲಿ ಮಾತ್ರ ಮೆಮೊರಿಯನ್ನು ಒಪ್ಪಂದದ ಹೊರಗೆ ಇಡಬೇಕಾಗುತ್ತದೆ. ಕ್ರೂಶಿಯಲ್ ಮಾಡ್ಯೂಲ್ ಹೊಂದಿರುವವರು ಗಾಬರಿಪಡಬೇಕಾಗಿಲ್ಲ, ಮಾರಾಟ ನಿಂತರೂ ವಾರಂಟಿ ಸೇವೆ ಮುಂದುವರಿಯುತ್ತದೆಂದು ಮೈಕ್ರಾನ್ ತಿಳಿಸಿದೆ. ಬಿಲ್ಲನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಕಳೆದಿದ್ದರೆ ಅದರ ಪ್ರತಿ ನಮ್ಮಲ್ಲಿ ಸಿಗುತ್ತದೆ.

ಕಾಲೇಜುಗಳು ಮತ್ತು ಸರ್ಕಾರಿ ಕಚೇರಿಗಳ ವಿಷಯ ಬೇರೆ. ಎರಡು ದಿನಗಳಲ್ಲಿ ಅವರ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೂ ಹೋಗುವುದಿಲ್ಲ ಎಂಬುದು ನಮಗೆ ಗೊತ್ತಿದೆ. ಅಂಥ ಸಂಸ್ಥೆಗಳು ಯಂತ್ರದ ಖರೀದಿಯನ್ನು ಈಗಲೇ ಮಾಡಿ, ಕೆಲಸ ನಡೆಯುವಷ್ಟು ಮೆಮೊರಿಯನ್ನು ಮಾತ್ರ ಹಾಕಿಸಿಕೊಂಡು, ಖಾಲಿ ಸ್ಲಾಟುಗಳನ್ನು ಮುಂದಿನ ಸಾಲಿನ ಅನುದಾನಕ್ಕೆ ಬಿಡುವಂತೆ ಕೋರುತ್ತೇವೆ. ಅದಕ್ಕೆ ತಕ್ಕಂತೆ ತಾಂತ್ರಿಕ ವಿವರಪಟ್ಟಿಯನ್ನು ಸಿದ್ಧಪಡಿಸಲು ಖರೀದಿ ಸಮಿತಿಗೆ ನೆರವಾಗುತ್ತೇವೆ. ಈಗಾಗಲೇ ಟೆಂಡರ್‌ನಲ್ಲಿ ಒಪ್ಪಿಕೊಂಡಿರುವ ದರಗಳನ್ನು ನಾವು ಬದಲಿಸುವುದಿಲ್ಲ.

ಕೊಟೇಶನ್ ಬೇಕಾದವರು ಯಂತ್ರದ ಮಾದರಿಯ ಹೆಸರು, ಈಗಿರುವ ಮಾಡ್ಯೂಲಿನ ಚೀಟಿಯ ಚಿತ್ರ ಮತ್ತು ಮೇಲೆ ಹೇಳಿದ ಟಾಸ್ಕ್ ಮ್ಯಾನೇಜರ್ ಪುಟದ ಸ್ಕ್ರೀನ್‌ಶಾಟ್ ಕಳುಹಿಸಿದರೆ ಅದೇ ದಿನ ಸಂಜೆಯೊಳಗೆ ದರ ತಿಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ
ಸಂಸ್ಥೆಯ ಎಲ್ಲ ಪಾಲುದಾರರ ಪರವಾಗಿ