ಬಂಕರ್‌ನಲ್ಲಿ ಚೆಂಡಿಗೆ ಹೊಡೆಯಬೇಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಗ್ರೀನ್ (ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ಪಕ್ಕದ ಬಂಕರ್‌ಗೆ, ಅಂದರೆ ಮರಳು ಗುಂಡಿಗೆ, ಚೆಂಡು ಬಿದ್ದರೆ ಸಾಕು, ಒಂದು ಸಲ ಮರಳಲ್ಲೇ ಉಳಿಯುತ್ತದೆ, ಮುಂದಿನ ಸಲ ಗ್ರೀನ್ ದಾಟಿ ಆಚೆ ಪೊದೆ ಸೇರುತ್ತದೆ ಅಂದೆ. ಗಾಲ್ಫ್ ಬಿಟ್ಟುಬಿಡೋಣ ಅನಿಸುತ್ತಿದೆ ಅಂತಲೂ ಅಂದೆ. ಬಿಡಬೇಡ ಕಣೋ. ಎರಡಕ್ಕೂ ಕಾರಣ ಒಂದೇ. ನೀನು ಚೆಂಡಿಗೆ ಹೊಡೆಯಲು ಹೋಗುತ್ತಿದ್ದೀಯ.

ನಿನ್ನ ತಪ್ಪೇನೂ ಇಲ್ಲ. ಶಾಲೆಯ ದಿನಗಳಿಂದ ಕ್ರಿಕೆಟ್ ಆಡಿದವನು ನೀನು. ಚೆಂಡಿನ ಮೇಲಿಂದ ಕಣ್ಣು ತೆಗೆಯಬಾರದು ಅನ್ನೋದು ಮೈಗೆ ಹತ್ತಿಬಿಟ್ಟಿದೆ. ಫೇರ್‌ವೇ, ಅಂದರೆ ಗ್ರೀನ್ ಕಡೆಗೆ ಹೋಗುವ ಹುಲ್ಲುದಾರಿಯ ಮೇಲೂ ಅದು ನಡೆಯುತ್ತದೆ. ಗ್ರೀನ್ ಪಕ್ಕದ ಬಂಕರ್‌ನಲ್ಲಿ ಮಾತ್ರ ಕ್ಲಬ್ (ಹೊಡೆಯುವ ಕೋಲು) ಚೆಂಡನ್ನು ಮುಟ್ಟುವುದೇ ಇಲ್ಲ. ಚೆಂಡಿನ ಹಿಂದೆ ಸುಮಾರು ಐದು ಸೆಂಟಿಮೀಟರ್ ದೂರದಲ್ಲಿ ಮರಳಿಗೆ ಇಳಿಯುತ್ತದೆ, ಚೆಂಡಿನ ಕೆಳಗೆ ಹಾದು ಮುಂದೆ ಏಳುತ್ತದೆ. ಚೆಂಡನ್ನು ಹೊರಗೆ ತಳ್ಳುವುದು ಮಧ್ಯೆ ಇರುವ ಮರಳು. ಹಾಗಾಗಿ ನೀನು ನೋಡಬೇಕಾದದ್ದು ಚೆಂಡಿನ ಹಿಂದಿನ ಆ ಜಾಗವನ್ನು.

ಮರಳಿಗೆಂದೇ ಇರುವ ಕ್ಲಬ್, ನಿನ್ನ ಸ್ಯಾಂಡ್ ವೆಜ್, ಕೈಗೆ ತಗೊಂಡು ತಳ ನೋಡು. ಮುಂದಿನ ತೆಳು ಅಂಚಿಗಿಂತ ಹಿಂಭಾಗ ಸ್ವಲ್ಪ ಕೆಳಗಿಳಿದು ದಪ್ಪಗಿರುತ್ತದೆ. ಇದೇ ಬೌನ್ಸ್. ತಳದಲ್ಲಿ 56, 12 ಅಂತ ಎರಡು ಅಂಕಿ ಇದ್ದರೆ ಮೊದಲನೆಯದು ಲಾಫ್ಟ್ (ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದು), ಎರಡನೆಯದು ಬೌನ್ಸ್. ಎರಡೂ ಡಿಗ್ರಿ ಲೆಕ್ಕ. ತೆಳು ಅಂಚು ಮೊದಲು ತಾಗಿದರೆ ಕ್ಲಬ್ ಗುದ್ದಲಿಯ ಹಾಗೆ ಮರಳಲ್ಲಿ ಹೂತುಕೊಳ್ಳುತ್ತದೆ. ದಪ್ಪ ತಳ ಮೊದಲು ತಾಗಿದರೆ ಜಾರಿಕೊಂಡು ಮುಂದೆ ಹೋಗುತ್ತದೆ. ಬಂಕರ್ ವಿದ್ಯೆಯೆಲ್ಲ ಇಷ್ಟೇ ಅಂದರೂ ತಪ್ಪಲ್ಲ.

ಈ ದಪ್ಪ ತಳಕ್ಕೆ ಒಂದು ಒಳ್ಳೆಯ ಕತೆಯಿದೆ. ಹಿಂದೆ ಬಂಕರ್‌ನಲ್ಲಿ ಬಳಸುತ್ತಿದ್ದ ನಿಬ್ಲಿಕ್ ಅನ್ನೋ ಹಳೆಯ ಕ್ಲಬ್ಬಿನ ಅಂಚು ತೆಳ್ಳಗಿತ್ತು, ಮರಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸಾರಜೆನ್ ವಿಮಾನ ಹಾರಿಸಲು ಕಲಿಯುವಾಗ, ಮೇಲೇರುವ ಹೊತ್ತಿಗೆ ಬಾಲದ ರೆಕ್ಕೆ ಕೆಳಗೆ ಬಾಗುವುದನ್ನು ಗಮನಿಸಿದನಂತೆ. ಕ್ಲಬ್ಬಿನ ತಳವೂ ಹಾಗೇ ಇದ್ದರೆ ಮರಳಿನಿಂದ ಮೇಲೆ ಬರಬಹುದಲ್ಲ ಅನ್ನಿಸಿತು. ನಿಬ್ಲಿಕ್ ತಳಕ್ಕೆ ಸೀಸ ಬೆಸೆದು, ಉಜ್ಜಿ ಉಜ್ಜಿ ಸರಿಮಾಡಿದ. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನಕ್ಕೆ ಅದನ್ನೇ ತಂದು ಬ್ರಿಟಿಷ್ ಓಪನ್ ಗೆದ್ದ. ಈ ಯೋಚನೆ ಪೂರ್ತಿ ಅವನೊಬ್ಬನದೇ ಅಲ್ಲ, ಬೇರೆಯವರೂ ದಪ್ಪ ತಳದ ಕ್ಲಬ್ ಮಾಡಿದ್ದರು. ಆದರೆ ಅದು ಎಲ್ಲರ ಚೀಲ ಸೇರಿದ್ದು ಅವನಿಂದ. ನನಗಂತೂ ವೆಜ್ ಕೈಗೆತ್ತಿಕೊಂಡಾಗಲೆಲ್ಲ ಅವನ ಮೇಲೆ ಗೌರವ ಬರುತ್ತದೆ.

ಈಗ ನಿಲ್ಲುವ ರೀತಿ. ನೀನು ಬಲಗೈ ಆಟಗಾರ, ಹಾಗಾಗಿ ಚೆಂಡು ಎಡ ಹಿಮ್ಮಡಿಯ ಕಡೆಗಿರಲಿ. ಪಾದಗಳನ್ನು ಆಚೀಚೆ ಅಲುಗಾಡಿಸಿ ಮರಳಲ್ಲಿ ಸ್ವಲ್ಪ ಹೂತುಕೋ. ಕಾಲು ಜಾರುವುದಿಲ್ಲ, ಮರಳು ಮೆತ್ತಗಿದೆಯೋ ಗಟ್ಟಿಯಿದೆಯೋ ಅನ್ನೋದೂ ಅಂಗಾಲಿಗೇ ಗೊತ್ತಾಗುತ್ತದೆ. ಮೈಭಾರ ಎಡಗಾಲಿನ ಮೇಲೆ ತುಸು ಜಾಸ್ತಿ ಇರಲಿ, ಹೊಡೆತ ಮುಗಿಯುವ ತನಕ ಅಲ್ಲೇ ಇರಲಿ. ಚೆಂಡನ್ನು ಎತ್ತಬೇಕು ಅಂತ ಬಲಕ್ಕೆ ವಾಲಿದರೆ ಕ್ಲಬ್ ತೀರಾ ಹಿಂದೆ ಮರಳಿಗೆ ಬೀಳುತ್ತದೆ. ಎತ್ತುವ ಕೆಲಸ ಲಾಫ್ಟ್ ಮಾಡುತ್ತದೆ, ನೀನು ಮಾಡಬೇಕಿಲ್ಲ.

ಕ್ಲಬ್ ಫೇಸನ್ನು, ಅಂದರೆ ಹೊಡೆಯುವ ಮುಖವನ್ನು, ಬಲಕ್ಕೆ ತಿರುಗಿಸಿ ತೆರೆದು, ಆಮೇಲೆ ಹಿಡಿ. ಕ್ರಮ ಮುಖ್ಯ ರಘು. ಮೊದಲು ಹಿಡಿದು ಆಮೇಲೆ ಮಣಿಕಟ್ಟು ತಿರುಗಿಸಿದರೆ, ಹೊಡೆಯುವ ಹೊತ್ತಿಗೆ ಕೈ ತನ್ನ ಜಾಗಕ್ಕೆ ವಾಪಸ್ ಬಂದು ಫೇಸ್ ಮುಚ್ಚಿಕೊಳ್ಳುತ್ತದೆ, ಆ ತೆಳು ಅಂಚು ಮತ್ತೆ ಮುಂದೆ ಬರುತ್ತದೆ. ಫೇಸ್ ತೆರೆದಷ್ಟೂ ಚೆಂಡು ಬಲಕ್ಕೆ ಹೋಗುತ್ತದೆ. ಅದಕ್ಕೇ ಕಾಲು, ಭುಜ ಎರಡೂ ಪಿನ್‌ಗಿಂತ (ಗುಳಿಯಲ್ಲಿ ನೆಟ್ಟ ಬಾವುಟದ ಕೋಲು) ಸ್ವಲ್ಪ ಎಡಕ್ಕೆ ನೋಡುತ್ತಿರಲಿ.

ಅಭ್ಯಾಸದ ಬಂಕರ್‌ಗೆ ಹೋದಾಗ ಇದೊಂದು ಮಾಡು. ಮರಳಿನ ಮೇಲೆ 500 ರೂಪಾಯಿ ನೋಟು ಉದ್ದಕ್ಕೆ ಇಟ್ಟಿದೆ ಅಂದುಕೊಂಡು ಬೆರಳಿನಿಂದ ಅದರ ಅಂಚು ಬರೆ. ನೋಟಿನ ಉದ್ದ 15 ಸೆಂಟಿಮೀಟರ್. ಚೆಂಡನ್ನು ಸರಿಯಾಗಿ ನಡುವೆ ಇಟ್ಟರೆ ಹಿಂದೆ ಐದು ಸೆಂಟಿಮೀಟರಿಗಿಂತ ಕೊಂಚ ಜಾಸ್ತಿ ಜಾಗ ಉಳಿಯುತ್ತದೆ. ಬೇಕಾದ ಅಳತೆ ಅದೇ. ಮೊದಮೊದಲು ಚೆಂಡೇ ಬೇಡ. ಆ ನೋಟನ್ನು ಮಾತ್ರ ಮರಳಿನ ಸಮೇತ ಗ್ರೀನ್ ಮೇಲೆ ಎಸೆ. ಪ್ರತಿ ಸಲವೂ ಬಗ್ಗಿ ನೋಡು: ಗುಂಡಿ ಹಿಂದಿನ ಗೆರೆಯಿಂದ ಶುರುವಾಗಿದೆಯಾ? ಅಂಗೈ ಹಾಗೆ ಆಳವಿಲ್ಲದೆ ಚಪ್ಪಟೆಯಾಗಿದೆಯಾ? ಆಳವಾಗಿದ್ದರೆ ಫೇಸ್ ಇನ್ನೂ ತೆರೆಯಬೇಕು. ಶಬ್ದಕ್ಕೂ ಕಿವಿಗೊಡು. ತಳ ಸರಿಯಾಗಿ ಬಡಿದರೆ ‘ಥಪ್’ ಅಂತ ತುಂಬಿದ ಸದ್ದು ಬರುತ್ತದೆ. ಸತತವಾಗಿ ಆ ಸದ್ದು ಬರತೊಡಗಿದ ಮೇಲೆ ಚೆಂಡು ಇಡು. ಆಟದ ನಡುವೆ ಮಾತ್ರ ಈ ಗೆರೆ ಬರೆಯುವಂತಿಲ್ಲ. ಚೆಂಡಿನ ಹಿಂದೆ ಕ್ಲಬ್ ಊರುವಂತಿಲ್ಲ, ಪ್ರಾಕ್ಟೀಸ್ ಸ್ವಿಂಗ್‌ನಲ್ಲಿ ಮರಳು ಮುಟ್ಟುವಂತೆಯೂ ಇಲ್ಲ. 2019ರ ಹೊಸ ನಿಯಮ ಬಂದ ಮೇಲೆ ಒಣ ಎಲೆ, ಕಡ್ಡಿ ತೆಗೆದುಹಾಕಬಹುದು, ಚೆಂಡು ಅಲುಗಬಾರದು ಅಷ್ಟೆ.

ದೂರದ ಲೆಕ್ಕ ಹೊಸಬರಿಗೆ ಕಷ್ಟ. ಮರಳು ಅರ್ಧಕ್ಕಿಂತ ಜಾಸ್ತಿ ಬಲ ನುಂಗಿಬಿಡುತ್ತದೆ. ಹತ್ತು ಮೀಟರ್ ದೂರಕ್ಕೆ, ಹುಲ್ಲಿನ ಮೇಲೆ ಇಪ್ಪತ್ತೈದು ಮೂವತ್ತು ಮೀಟರ್ ಹೊಡೆಯುವಷ್ಟು ಸ್ವಿಂಗ್ ಬೇಕಾಗುತ್ತದೆ. ಹತ್ತಿರದ ಪಿನ್ ನೋಡಿ ಹೆದರಿ ನಡುವೆ ಕೈ ನಿಧಾನ ಮಾಡುತ್ತಾರಲ್ಲ, ಬಹಳಷ್ಟು ಹೊಡೆತಗಳು ಸಾಯುವುದೇ ಅಲ್ಲಿ. ಎದೆ ಪಿನ್ ಕಡೆ ತಿರುಗುವ ತನಕ ಸ್ವಿಂಗ್ ಮುಗಿಸು.

ಮಳೆಗಾಲದಲ್ಲಿ ಇದೆಲ್ಲ ಸ್ವಲ್ಪ ಬದಲಾಗುತ್ತದೆ. ನೆನೆದು ಗಟ್ಟಿಯಾದ ಮರಳಲ್ಲಿ ದಪ್ಪ ತಳ ಪುಟಿದು ನೇರ ಚೆಂಡಿನ ಹೊಟ್ಟೆಗೇ ಬಡಿಯುತ್ತದೆ. ಆಗ ಫೇಸ್ ಅಷ್ಟು ತೆರೆಯಬೇಡ, ಬೌನ್ಸ್ ಕಡಿಮೆ ಇರುವ ವೆಜ್ ಇದ್ದರೆ ಅದನ್ನೇ ತಗೋ. ಚೆಂಡು ಮರಳಲ್ಲಿ ಅರ್ಧ ಹೂತು ಪ್ಲಗ್ ಆಗಿದ್ದರೂ ಹಾಗೇ: ಫೇಸ್ ನೇರ ಇಟ್ಟು, ಕಡಿದಾಗಿ ಕೆಳಗೆ ಹೊಡೆ. ಇಲ್ಲಿ ಅಗೆಯುವುದೇ ಬೇಕಾದದ್ದು. ಚೆಂಡು ಹೊರಬಿದ್ದು ಜಾಸ್ತಿ ಉರುಳುತ್ತದೆ, ಅದಕ್ಕೆ ಜಾಗ ಬಿಟ್ಟುಕೋ. ಸಾಧ್ಯವೇ ಇಲ್ಲ ಅನಿಸಿದರೆ ಎರಡು ಪೆನಾಲ್ಟಿ ಹೊಡೆತ ಒಪ್ಪಿಕೊಂಡು ಪಿನ್‌ನಿಂದ ಚೆಂಡಿಗೆ ಬರುವ ಗೆರೆಯಲ್ಲೇ ಹಿಂದಕ್ಕೆ, ಬಂಕರ್ ಹೊರಗೆ ಚೆಂಡನ್ನು ಡ್ರಾಪ್ ಮಾಡಿ, ಅಂದರೆ ಕೈಯಿಂದ ಬೀಳಿಸಿ, ಆಡಬಹುದು.

ಪಿನ್ ಪಕ್ಕ ನಿಲ್ಲಿಸಲೇಬೇಕು ಅಂತ ಹಟ ಹಿಡಿಯಬೇಡ. ಅಮೆರಿಕದ ವೃತ್ತಿಪರ ಸರಣಿ ಪಿಜಿಎ ಟೂರ್‌ನ ದೊಡ್ಡ ದೊಡ್ಡ ಆಟಗಾರರೂ ಗ್ರೀನ್ ಪಕ್ಕದ ಬಂಕರ್‌ನಿಂದ ಎರಡೇ ಹೊಡೆತದಲ್ಲಿ ಮುಗಿಸುವುದು ಸುಮಾರು ಅರ್ಧದಷ್ಟು ಸಲ ಮಾತ್ರ. 1978ರ ಬ್ರಿಟಿಷ್ ಓಪನ್‌ನಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ 17ನೇ ಹೋಲ್‌ನಲ್ಲಿ, ಜಪಾನಿನ ಟಾಮಿ ನಕಜಿಮಾ ಎರಡು ಹೊಡೆತದಲ್ಲಿ ಗ್ರೀನ್ ಸೇರಿದ್ದ. ಪಟ್ ಮಾಡಿದ, ಅಂದರೆ ಗುಳಿಯತ್ತ ಮೆಲ್ಲಗೆ ತಳ್ಳಿದ, ಚೆಂಡು ಬಂಕರ್‌ಗೆ ಉರುಳಿತು. ಆ ಹೋಲ್ ಮುಗಿಯುವ ಹೊತ್ತಿಗೆ ಅವನ ಲೆಕ್ಕ ಒಂಬತ್ತು ಹೊಡೆತ. ನೀನು ಮೊದಲು ಒಂದೇ ಹೊಡೆತದಲ್ಲಿ ಗ್ರೀನ್ ಮೇಲೆ ಎಲ್ಲಾದರೂ ಬಾ, ಸಾಕು. ಅಷ್ಟಕ್ಕೇ ಸ್ಕೋರ್ ಕಾರ್ಡ್ ಬದಲಾಗುತ್ತದೆ. ಒಂದು ಹೊಡೆತದ ಬೆಲೆ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತಲ್ವಾ? ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದರು. ಕಂಚಿಗೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ. ದೂರ ಹೊಡೆಯುವವರ ನಡುವೆ ಅವರು ಅಷ್ಟು ಮೇಲೆ ಬಂದದ್ದು ಗ್ರೀನ್ ಮೇಲಿನ, ಗ್ರೀನ್ ಸುತ್ತಲಿನ ಆಟದ ಬಲದಿಂದ.

ಹೊಸ ವೆಜ್ ಕೊಳ್ಳುವ ಯೋಚನೆಯಲ್ಲಿದ್ದೀಯ ಅಂದೆಯಲ್ಲ, ಸ್ವಲ್ಪ ತಡೆ. ಈಗಿರುವುದರ ತಳದ ಫೋಟೋ ತೆಗೆದು ಕಳಿಸು. ಬೌನ್ಸ್ 10ರಿಂದ 14ರ ಒಳಗಿದ್ದರೆ ಸುಮ್ನೆ ದುಡ್ಡು ಖರ್ಚು ಮಾಡಬೇಡ.

ನಿನ್ನ,
ಪ್ರಕಾಶ